ವೆಬ್ ನಕ್ಷೆ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು?

"ಕೋಡ್ ಎಲ್ಲಾ ಸರಿಯಿದೆ, ಆದ್ರೂ ನಕ್ಷೆ ಬರ್ತಾ ಇಲ್ಲ, ಏನು ಮಾಡ್ಲಿ?" ಹಾಸನ, ಚಿಕ್ಕಮಗಳೂರು ಕಡೆಯಿಂದ ನನಗೆ ಬರುವ ಪ್ರಶ್ನೆಗಳಲ್ಲಿ ಇದೇ ಜಾಸ್ತಿ. ಕೇಳುವವರು ಬೇರೆ ಬೇರೆ. ಕೊನೆ ವರ್ಷದ ಪ್ರಾಜೆಕ್ಟಿಗೆ ಹೊಯ್ಸಳ ದೇವಾಲಯಗಳ ನಕ್ಷೆ ಮಾಡುವ ವಿದ್ಯಾರ್ಥಿಗಳು, ಹೋಂಸ್ಟೇಗೆ ದಾರಿ ತೋರಿಸುವ ಪುಟ ಕಟ್ಟುವವರು, ತಾಲ್ಲೂಕುವಾರು ಮಳೆ ಲೆಕ್ಕವನ್ನು ಬಣ್ಣದಲ್ಲಿ ತೋರಿಸಲು ಹೊರಟವರು. ತೊಂದರೆ ಮಾತ್ರ ಹೆಚ್ಚುಕಡಿಮೆ ಅವೇ ಏಳೆಂಟು. ಹಾಗಾಗಿ ಹುಡುಕುವ ಕ್ರಮವನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ.

ಇಲ್ಲಿ ಲೀಫ್ಲೆಟ್ ಇಟ್ಟುಕೊಂಡು ವಿವರಿಸಿದ್ದೇನೆ. ಇದು ವೊಲೊಡಿಮಿರ್ ಅಗಾಫೊಂಕಿನ್ 2011ರಲ್ಲಿ ಹೊರತಂದ, ವೆಬ್ ಪುಟದಲ್ಲಿ ನಕ್ಷೆ ತೋರಿಸುವ ಉಚಿತ ಜಾವಾಸ್ಕ್ರಿಪ್ಟ್ ಲೈಬ್ರರಿ. ಲೈಬ್ರರಿ ಅಂದರೆ ಬೇರೆಯವರು ಬರೆದಿಟ್ಟ, ನಾವು ಕರೆದು ಬಳಸಬಹುದಾದ ಕೋಡು. ನೀವು ಬಳಸುವುದು ಓಪನ್‌ಲೇಯರ್ಸ್ ಅಥವಾ ಗೂಗಲ್ ಮ್ಯಾಪ್ಸ್ ಆಗಿದ್ದರೂ ಹುಡುಕುವ ಕ್ರಮ ಇದೇ. ಕೋಡಿನ ಪದಗಳನ್ನು ಉಚ್ಚಾರ ಇದ್ದಂತೆ ಕನ್ನಡದಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಿ.

ಏನೇನು ಬೇಕು?

ಕ್ರೋಮ್ ಅಥವಾ ಫೈರ್‌ಫಾಕ್ಸ್ ಇರುವ ಕಂಪ್ಯೂಟರ್, ಒಂದು ಎಡಿಟರ್, ಪೈಥಾನ್. ಇದರ ಜೊತೆಗೆ ಎರಡು ಮೂರು ಊರುಗಳ ಅಕ್ಷಾಂಶ ರೇಖಾಂಶ ಬಾಯಿಪಾಠ ಇರಬೇಕು. ಇದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಚಿಕ್ಕಮಗಳೂರು 13.32, 75.77. ಹಾಸನ 13.00, 76.10. ಬೇಲೂರು 13.16, 75.86. ಶ್ರವಣಬೆಳಗೊಳ 12.86, 76.49. ಎರಡೂ ಜಿಲ್ಲೆ ಸೇರಿಸಿದರೆ ಅಕ್ಷಾಂಶ 12ರಿಂದ 14ರ ಒಳಗೆ, ರೇಖಾಂಶ 75ರಿಂದ 77ರ ಒಳಗೆ ಬರುತ್ತದೆ. ಈ ನಾಲ್ಕು ಸಂಖ್ಯೆ ಒಂದು ಚೀಟಿಯಲ್ಲಿ ಬರೆದು ಎದುರಿಗೆ ಅಂಟಿಸಿಕೊಳ್ಳಿ.

ಮೊದಲು ಯಾವ ಪದರ ಕೆಟ್ಟಿದೆ ಅಂತ ನೋಡಿ

ವೆಬ್ ನಕ್ಷೆಯಲ್ಲಿ ಮೂರು ಪದರ ಇರುತ್ತದೆ. ಕೆಳಗೆ ಪುಟದಲ್ಲಿ ನಕ್ಷೆಗೆ ಬಿಟ್ಟ ಪೆಟ್ಟಿಗೆ. ಅದರ ಮೇಲೆ ರಸ್ತೆ, ಊರು ತೋರಿಸುವ ಹಿನ್ನೆಲೆ ಚಿತ್ರ. ಎಲ್ಲಕ್ಕಿಂತ ಮೇಲೆ ನಿಮ್ಮ ಸ್ವಂತ ಮಾಹಿತಿ, ಅಂದರೆ ಗುರುತು, ಗೆರೆ, ಗಡಿ. ಕೋಡಿಗೆ ಕೈಹಾಕುವ ಮೊದಲು ಪರದೆಯನ್ನು ಸರಿಯಾಗಿ ನೋಡಿ.

ಪೂರ್ತಿ ಬಿಳಿ, ಮೂಲೆಯ ಪ್ಲಸ್ ಮೈನಸ್ ಗುಂಡಿಗಳೂ ಇಲ್ಲವೇ? ತೊಂದರೆ ಪೆಟ್ಟಿಗೆಯದ್ದು, ಇಲ್ಲವೇ ಲೈಬ್ರರಿಯೇ ಬಂದಿಲ್ಲ. ಗುಂಡಿಗಳಿವೆ, ಹಿಂದೆ ಬೂದು ಬಣ್ಣ ಮಾತ್ರ ಇದೆಯೇ? ಹಿನ್ನೆಲೆ ಚಿತ್ರ ಬಂದಿಲ್ಲ. ಅಥವಾ ಸೆಟ್‌ವ್ಯೂ ಕರೆಯುವುದನ್ನು ಮರೆತಿದ್ದೀರಿ, ಎಲ್ಲಿ ನೋಡಬೇಕು ಅಂತ ನಕ್ಷೆಗೆ ಗೊತ್ತಿಲ್ಲ. ನಕ್ಷೆ ಚೆನ್ನಾಗಿ ಬಂದಿದೆ, ಗುರುತು ಮಾತ್ರ ಇಲ್ಲವೇ? ಮಾಹಿತಿಯಲ್ಲಿ ಎಡವಟ್ಟಾಗಿದೆ. ಮೂರನೆಯದ್ದೇ ಎಲ್ಲಕ್ಕಿಂತ ಹೆಚ್ಚು ಸಿಗುವುದು. ಆದರೆ ಹುಡುಕುವವರು ಮೊದಲ ಎರಡರಲ್ಲೇ ದಿನ ಕಳೆಯುತ್ತಾರೆ.

ಹಂತ 1: ಕನ್ಸೋಲ್ ತೆರೆದು ಮೊದಲ ಕೆಂಪು ಸಾಲು ಓದಿ

ಎಫ್12 ಒತ್ತಿ, ಕನ್ಸೋಲ್ ಅನ್ನುವ ಟ್ಯಾಬ್ ತೆರೆಯಿರಿ. ಬ್ರೌಸರ್ ತನ್ನ ದೂರುಗಳನ್ನು ಬರೆದಿಡುವ ಜಾಗ ಅದು. ಹತ್ತು ಕೆಂಪು ಸಾಲು ಕಂಡರೆ ಗಾಬರಿಯಾಗಬೇಡಿ. ಮೇಲಿನ ಮೊದಲನೆಯದನ್ನು ಮಾತ್ರ ಓದಿ. ಉಳಿದವು ಬಹಳ ಸಲ ಅದರ ಹಿಂದೆಯೇ ಬಂದವು, ಅದನ್ನು ಸರಿಮಾಡಿದರೆ ತಾವೇ ಹೋಗುತ್ತವೆ.

"ಎಲ್ ಈಸ್ ನಾಟ್ ಡಿಫೈನ್ಡ್" ಅಂತ ಇದ್ದರೆ ಲೀಫ್ಲೆಟ್ ನಿಮ್ಮ ಪುಟಕ್ಕೆ ಬಂದೇ ಇಲ್ಲ. ಲೀಫ್ಲೆಟ್‌ನ ಸ್ಕ್ರಿಪ್ಟ್ ಸಾಲು ನಿಮ್ಮ ಕೋಡಿಗಿಂತ ಮೇಲಿದೆಯೇ ನೋಡಿ. ಸಾಲನ್ನು ಬೇರೆಡೆಯಿಂದ ನಕಲು ಮಾಡಿದ್ದರೆ ಅದರಲ್ಲಿ ಇಂಟೆಗ್ರಿಟಿ ಎಂಬ ಉದ್ದನೆಯ ಅಕ್ಷರಮಾಲೆ ಇರಬಹುದು. ಕಡತ ಅಸಲಿಯೇ ಎಂದು ಬ್ರೌಸರ್ ಪರೀಕ್ಷಿಸುವ ಮೊಹರು ಅದು. ಆವೃತ್ತಿ ಸಂಖ್ಯೆ ಬದಲಿಸಿ ಮೊಹರನ್ನು ಹಾಗೇ ಬಿಟ್ಟರೆ ಬ್ರೌಸರ್ ಕಡತವನ್ನು ತಡೆದುಬಿಡುತ್ತದೆ. ಇನ್ನೊಂದು ಮಾತು. ನೀವು ನೋಡುವ ಪಾಠಗಳಲ್ಲಿ ಹೆಚ್ಚಿನವು 1.9 ಅಥವಾ ಅದಕ್ಕೂ ಹಳೆಯ ಆವೃತ್ತಿಗೆ ಬರೆದವು. 2025ರಲ್ಲಿ ಬಂದ 2.0ರ ಪರೀಕ್ಷಾ ಆವೃತ್ತಿಯಲ್ಲಿ ಬರೆಯುವ ಪದ್ಧತಿಯೇ ಬದಲಾಗಿದೆ. ಕಲಿಯುವಾಗ 1.9.4 ಸಾಕು.

"ಮ್ಯಾಪ್ ಕಂಟೈನರ್ ನಾಟ್ ಫೌಂಡ್" ಅಂದರೆ ಪೆಟ್ಟಿಗೆ ಹುಟ್ಟುವ ಮೊದಲೇ ನಿಮ್ಮ ಕೋಡ್ ಓಡಿದೆ. ಸ್ಕ್ರಿಪ್ಟನ್ನು ಬಾಡಿ ಮುಗಿಯುವ ಸಾಲಿನ ಹತ್ತಿರಕ್ಕೆ ಇಳಿಸಿ. ಪೆಟ್ಟಿಗೆಯ ಐಡಿಯಲ್ಲಿ ಅಕ್ಷರ ತಪ್ಪಿದ್ದರೂ ಇದೇ ದೂರು ಬರುತ್ತದೆ.

"ಆಲ್ರೆಡಿ ಇನಿಶಿಯಲೈಸ್ಡ್" ಅಂತ ಬಂದರೆ ಒಂದೇ ಪೆಟ್ಟಿಗೆಯಲ್ಲಿ ಎರಡು ಸಲ ನಕ್ಷೆ ಕಟ್ಟಿದ್ದೀರಿ. ರಿಯಾಕ್ಟ್ ಎಂಬ ಪುಟ ಕಟ್ಟುವ ಲೈಬ್ರರಿ ಬಳಸುವವರಿಗೆ ಇದು ತುಂಬಾ ಕಾಡುತ್ತದೆ. ಅಲ್ಲಿ ಸ್ಟ್ರಿಕ್ಟ್ ಮೋಡ್ ಇದ್ದರೆ, ಬರೆಯುವ ಹಂತದಲ್ಲಿ ಎಫೆಕ್ಟ್ ಎರಡು ಸಲ ಓಡುತ್ತದೆ. ಎಫೆಕ್ಟ್ ಮುಗಿಯುವಲ್ಲಿ ಮ್ಯಾಪ್ ಡಾಟ್ ರಿಮೂವ್ ಕರೆಯಿರಿ.

ಹಂತ 2: ಪೆಟ್ಟಿಗೆಗೆ ಎತ್ತರ ಇದೆಯೇ?

ನಕ್ಷೆಯ ಪೆಟ್ಟಿಗೆಗೆ ಎಚ್‌ಟಿಎಂಎಲ್‌ನಲ್ಲಿ ಡಿವ್ ಅನ್ನುತ್ತಾರೆ. ಒಳಗೆ ಏನೂ ಇಲ್ಲದ ಡಿವ್‌ಗೆ ಎತ್ತರ ಸೊನ್ನೆ. ನಕ್ಷೆ ತಯಾರಾಗಿರುತ್ತದೆ, ಕಾಣಲು ಜಾಗವಿಲ್ಲ ಅಷ್ಟೇ. ಪುಟದ ಅಂದಚಂದ, ಅಳತೆ ಹೇಳುವ ಸಿಎಸ್‌ಎಸ್‌ನಲ್ಲಿ ಎತ್ತರ 400 ಪಿಕ್ಸೆಲ್ ಅಂತ ಕೊಟ್ಟು ನೋಡಿ. ಶೇಕಡಾ 100 ಅಂತ ಕೊಟ್ಟವರು ಇಲ್ಲಿ ಮೋಸ ಹೋಗುತ್ತಾರೆ. ಯಾವುದರ ಶೇಕಡಾ 100? ಹೊರಗಿನ ಪೆಟ್ಟಿಗೆಯದ್ದು. ಅದಕ್ಕೇ ಎತ್ತರ ಕೊಟ್ಟಿಲ್ಲದಿದ್ದರೆ ಇದಕ್ಕೂ ಸಿಗುವುದಿಲ್ಲ.

ಟ್ಯಾಬ್ ಒಳಗೆ ಅಥವಾ ಪಾಪ್‌ಅಪ್ ಕಿಟಕಿಯೊಳಗೆ ನಕ್ಷೆ ಇಟ್ಟಾಗ ಮೇಲಿನ ಎಡಮೂಲೆಯಲ್ಲಿ ಮಾತ್ರ ಒಂದು ತುಣುಕು ಕಂಡು ಉಳಿದದ್ದು ಬೂದು ಬಣ್ಣದಲ್ಲಿ ಉಳಿಯುತ್ತದೆ. ಮುಚ್ಚಿದ್ದ ಟ್ಯಾಬ್‌ನೊಳಗೆ ನಕ್ಷೆ ತನ್ನ ಅಳತೆ ತೆಗೆದುಕೊಂಡಿದೆ, ತೆರೆದ ಮೇಲೆ ಮತ್ತೆ ಅಳೆದಿಲ್ಲ. ಟ್ಯಾಬ್ ತೆರೆದ ಕೂಡಲೇ ಇನ್‌ವ್ಯಾಲಿಡೇಟ್‌ಸೈಜ್ ಕರೆದರೆ ಸರಿಹೋಗುತ್ತದೆ. ಇನ್ನು ನಕ್ಷೆಯ ತುಂಡುಗಳು ಪುಟದ ತುಂಬಾ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದರೆ ಲೀಫ್ಲೆಟ್‌ನ ಸಿಎಸ್‌ಎಸ್ ಕಡತ ಸೇರಿಸಿಲ್ಲ ಎಂದರ್ಥ.

ಹಂತ 3: ಟೈಲ್‌ನ ನಂಬರ್ ಓದಿ

ಹಿನ್ನೆಲೆ ಚಿತ್ರ ಒಂದೇ ಚಿತ್ರವಲ್ಲ. 256 ಪಿಕ್ಸೆಲ್ ಉದ್ದ, ಅಷ್ಟೇ ಅಗಲದ ಚೌಕಗಳನ್ನು ಹೆಂಚು ಜೋಡಿಸಿದಂತೆ ಜೋಡಿಸಿರುತ್ತಾರೆ. ಅವನ್ನೇ ಟೈಲ್ ಅನ್ನುವುದು. ಪ್ರತಿ ಟೈಲ್‌ಗೂ ಮೂರು ನಂಬರ್: ಜೂಮ್ ಮಟ್ಟ, ಪಶ್ಚಿಮದಿಂದ ಎಷ್ಟನೆಯದು, ಉತ್ತರದಿಂದ ಎಷ್ಟನೆಯದು. ಜೂಮ್ 0ರಲ್ಲಿ ಇಡೀ ಪ್ರಪಂಚ ಒಂದೇ ಟೈಲ್. ಪ್ರತಿ ಮಟ್ಟಕ್ಕೂ ನಾಲ್ಕು ಪಟ್ಟು ಹೆಚ್ಚುತ್ತಾ ಹೋಗುತ್ತದೆ.

ಎಫ್12ರಲ್ಲೇ ನೆಟ್‌ವರ್ಕ್ ಟ್ಯಾಬ್ ತೆರೆದು ಪುಟವನ್ನು ಮತ್ತೆ ಲೋಡ್ ಮಾಡಿ. ಜೂಮ್ 10ರಲ್ಲಿ ಚಿಕ್ಕಮಗಳೂರು ನೋಡುತ್ತಿದ್ದರೆ ಪಟ್ಟಿಯಲ್ಲಿ 10/727/473 ಎಂಬ ಟೈಲ್ ಇರಲೇಬೇಕು. ಚಿಕ್ಕಮಗಳೂರು ಪೇಟೆ, ಮುಳ್ಳಯ್ಯನಗಿರಿ ಎರಡೂ ಆ ಒಂದೇ ಚೌಕದಲ್ಲಿವೆ. ಹಾಸನದ್ದು 10/728/474. ಈ ನಂಬರ್ ಸರಿಯಿದ್ದು ಚಿತ್ರ ಬಂದಿಲ್ಲವಾದರೆ ತಪ್ಪು ಸರ್ವರ್ ಕಡೆ ಅಥವಾ ವಿಳಾಸದಲ್ಲಿ. ನಂಬರೇ ಬೇರೆಯಿದ್ದರೆ ನೀವು ಬೇರೆ ಊರು ಕೇಳುತ್ತಿದ್ದೀರಿ, ಹಂತ 4ಕ್ಕೆ ಹೋಗಿ. ಚಿಕ್ಕಮಗಳೂರಿಗೆ ಕೊನೆಯ ನಂಬರ್ 473ರ ಬದಲು 550 ಬಂದಿದೆಯೇ? ಅದು ಟಿಎಂಎಸ್ ಪದ್ಧತಿ. ಅದರಲ್ಲಿ ಎಣಿಕೆ ದಕ್ಷಿಣದಿಂದ ಶುರುವಾಗುತ್ತದೆ. 473ಕ್ಕೆ 550 ಕೂಡಿಸಿದರೆ 1023, ಅಂದರೆ ಅದೇ ಟೈಲನ್ನು ತಲೆಕೆಳಗಾಗಿ ಎಣಿಸಿದೆ. ಟೈಲ್ ಲೇಯರ್‌ನಲ್ಲಿ ಟಿಎಂಎಸ್ ಆಯ್ಕೆಯನ್ನು ಬದಲಿಸಿ.

ಪಕ್ಕದಲ್ಲಿ 404 ಇದ್ದರೆ ವಿಳಾಸ ತಪ್ಪಿದೆ. 403 ಇದ್ದರೆ ಸರ್ವರ್ ಕೊಡಲು ಒಪ್ಪುತ್ತಿಲ್ಲ. ಜನರೇ ಸೇರಿ ಕಟ್ಟುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯ ಟೈಲ್ ಉಚಿತ, ಆದರೆ ನಿಯಮಗಳಿವೆ. ನಕ್ಷೆಯ ಮೇಲೆ ಅವರ ಹೆಸರು ಕಾಣಬೇಕು, ಟೈಲ್‌ಗಳನ್ನು ಸಾರಾಸಗಟಾಗಿ ಇಳಿಸಿಕೊಳ್ಳಬಾರದು, ಯಾವ ಪುಟದಿಂದ ಕೇಳುತ್ತಿದ್ದೀರಿ ಎಂಬ ರೆಫರರ್ ಮಾಹಿತಿ ಹೋಗಬೇಕು. ಎಚ್‌ಟಿಎಂಎಲ್ ಕಡತದ ಮೇಲೆ ಎರಡು ಸಲ ಕ್ಲಿಕ್ ಮಾಡಿ ತೆರೆದರೆ ರೆಫರರ್ ಹೋಗುವುದಿಲ್ಲ. ಹಂತ 5ರಲ್ಲಿ ಇದಕ್ಕೆ ದಾರಿ ಹೇಳಿದ್ದೇನೆ. ಹತ್ತಿರಕ್ಕೆ ಜೂಮ್ ಮಾಡಿದಾಗ ಮಾತ್ರ ಬೂದು ಆಗುತ್ತಿದ್ದರೆ, ಅವರ ಸಾಮಾನ್ಯ ಟೈಲ್ ಜೂಮ್ 19ಕ್ಕೆ ನಿಲ್ಲುತ್ತದೆ ಎಂಬುದು ನೆನಪಿರಲಿ. ಮ್ಯಾಕ್ಸ್‌ನೇಟಿವ್‌ಜೂಮ್ 19 ಅಂತ ಕೊಡಿ.

ಹಂತ 4: ಗುರುತು ಎಲ್ಲಿಗೆ ಹೋಯಿತು?

ಇಲ್ಲಿ ನಿಧಾನವಾಗಿ ಓದಿ. ಕಾಣದ ಗುರುತು ಬಹಳ ಸಲ ನಕ್ಷೆಯಲ್ಲೇ ಇರುತ್ತದೆ, ಆದರೆ ಬೇರೆಲ್ಲೋ ಇರುತ್ತದೆ. ಜೂಮನ್ನು ಪೂರ್ತಿ ಹಿಂದಕ್ಕೆ ಎಳೆದು ಪ್ರಪಂಚವನ್ನೇ ನೋಡಿ. ಅದು ಎಲ್ಲಿ ಸಿಕ್ಕಿತು ಎಂಬುದರಿಂದಲೇ ತಪ್ಪು ಯಾವುದು ಅಂತ ಹೇಳಿಬಿಡಬಹುದು.

ನಾರ್ವೆಗೂ ಸ್ವಾಲ್‌ಬಾರ್ಡ್ ದ್ವೀಪಗಳಿಗೂ ನಡುವಿನ ಸಮುದ್ರದಲ್ಲಿ ಸಿಕ್ಕಿತೇ? ಅಕ್ಷಾಂಶ ರೇಖಾಂಶ ಅದಲುಬದಲಾಗಿದೆ. ನಮ್ಮ 75.77 ರೇಖಾಂಶವನ್ನು ಅಕ್ಷಾಂಶ ಅಂತ ಓದಿದರೆ ಆರ್ಕ್‌ಟಿಕ್ ಕಡೆಗೇ ಹೋಗಬೇಕು. ಗೊಂದಲಕ್ಕೆ ಕಾರಣ ಇದೆ. ಲೀಫ್ಲೆಟ್ ಅಕ್ಷಾಂಶ ಮೊದಲು ಕೇಳುತ್ತದೆ: [13.32, 75.77]. ಜಿಯೋಜೇಸನ್, ಅಂದರೆ ನಕ್ಷೆಯ ಮಾಹಿತಿ ಬರೆದಿಡುವ ಸಾಮಾನ್ಯ ಕಡತ ರೂಪ, ರೇಖಾಂಶ ಮೊದಲು ಬರೆಯುತ್ತದೆ: [75.77, 13.32]. ಓಪನ್‌ಲೇಯರ್ಸ್, ಮ್ಯಾಪ್‌ಲಿಬ್ರೆ ಕೂಡ ರೇಖಾಂಶ ಮೊದಲು. ಜಿಯೋಜೇಸನ್ ಕಡತವನ್ನು ಲೀಫ್ಲೆಟ್‌ನ ಎಲ್ ಡಾಟ್ ಜಿಯೋಜೇಸನ್‌ಗೆ ಕೊಟ್ಟರೆ ಅದೇ ತಿರುಗಿಸಿಕೊಳ್ಳುತ್ತದೆ. ಕಡತದಿಂದ ಸಂಖ್ಯೆಗಳನ್ನು ನೀವೇ ತೆಗೆದು ಮಾರ್ಕರ್‌ಗೆ ಕೊಟ್ಟಾಗ ಮಾತ್ರ ಕೈಯಾರೆ ತಿರುಗಿಸಬೇಕು. ಎರಡೂ ಕಡೆ ತಿರುಗಿಸಿ ಮತ್ತೆ ಕೆಡಿಸಿಕೊಳ್ಳಬೇಡಿ.

ಆಫ್ರಿಕಾದ ಪಕ್ಕ, ಘಾನಾ ದೇಶದ ದಕ್ಷಿಣಕ್ಕೆ ಸಮುದ್ರದಲ್ಲಿ ಸಿಕ್ಕಿತೇ? ಅದು ಸೊನ್ನೆ ಅಕ್ಷಾಂಶ, ಸೊನ್ನೆ ರೇಖಾಂಶ. ನಿಮ್ಮ ಎಕ್ಸೆಲ್ ಹಾಳೆಯಲ್ಲಿ ಖಾಲಿ ಬಿಟ್ಟ ಕೋಶ ಇದೆ. ಜಾವಾಸ್ಕ್ರಿಪ್ಟ್‌ನ ನಂಬರ್ ಫಂಕ್ಷನ್ ಖಾಲಿ ಪಠ್ಯವನ್ನು ಸೊನ್ನೆ ಅಂತ ಓದುತ್ತದೆ, ತಪ್ಪು ಅಂತ ಹೇಳುವುದೇ ಇಲ್ಲ.

ಊರಿನಿಂದ ಸ್ವಲ್ಪ ದೂರ ಜರುಗಿದೆಯೇ? ಎಲ್ಲಕ್ಕಿಂತ ಅಪಾಯದ ತಪ್ಪು ಇದು, ಏಕೆಂದರೆ ಕಣ್ಣಿಗೆ ಸರಿ ಅನ್ನಿಸುತ್ತದೆ. ಚಿಕ್ಕಮಗಳೂರು 13 ಡಿಗ್ರಿ 19 ನಿಮಿಷ ಉತ್ತರ, 75 ಡಿಗ್ರಿ 46 ನಿಮಿಷ ಪೂರ್ವ. ಇದನ್ನು ಸುಮ್ನೆ 13.19, 75.46 ಅಂತ ಬರೆದರೆ ಗುರುತು 14 ಕಿಲೋಮೀಟರ್ ದಕ್ಷಿಣಕ್ಕೂ 33 ಕಿಲೋಮೀಟರ್ ಪಶ್ಚಿಮಕ್ಕೂ ಜರುಗಿ, ಕೊಟ್ಟಿಗೆಹಾರ ಕಳಸದ ಕಡೆಯ ಬೆಟ್ಟಗಾಡಿನಲ್ಲಿ ಕೂರುತ್ತದೆ. ನಿಮಿಷವನ್ನು 60ರಿಂದ ಭಾಗಿಸಿ ಡಿಗ್ರಿಗೆ ಕೂಡಿಸಬೇಕು. 19ನ್ನು 60ರಿಂದ ಭಾಗಿಸಿದರೆ 0.3167, ಹಾಗಾಗಿ 13.3167. ಹೋಂಸ್ಟೇ ಪುಟದಲ್ಲಿ ಈ ತಪ್ಪು ಉಳಿದರೆ ಕತ್ತಲಾದ ಮೇಲೆ ಮಕ್ಕಳನ್ನು ಕರೆದುಕೊಂಡು ಬಂದವರು ಘಾಟಿ ರಸ್ತೆಯಲ್ಲಿ ದಾರಿ ತಪ್ಪುತ್ತಾರೆ. ದಯವಿಟ್ಟು ಇದೊಂದನ್ನು ಎರಡು ಸಲ ನೋಡಿ.

ಗುರುತು ಎಲ್ಲೂ ಇಲ್ಲ, ಸಂಖ್ಯೆಗಳು ಲಕ್ಷಗಳಲ್ಲಿವೆಯೇ? ನಿಮ್ಮ ಮಾಹಿತಿ ಡಿಗ್ರಿಯಲ್ಲಿಲ್ಲ, ಮೀಟರಿನಲ್ಲಿದೆ. ಭೂಮಿಯ ಉಬ್ಬನ್ನು ಚಪ್ಪಟೆ ಹಾಳೆಗೆ ಇಳಿಸುವ ಲೆಕ್ಕಕ್ಕೆ ಪ್ರೊಜೆಕ್ಷನ್ ಅನ್ನುತ್ತಾರೆ. ಚಿಕ್ಕಮಗಳೂರಿಗೆ ಸುಮಾರು 5,83,000 ಮತ್ತು 14,73,000 ಅಂತ ಇದ್ದರೆ ಅದು ಸರ್ವೆಯವರು ಬಳಸುವ ಯುಟಿಎಂ 43 ಉತ್ತರ ವಲಯ. ಪ್ರೊಜೆಕ್ಷನ್‌ಗಳಿಗೆ ಕೊಡುವ ಸಂಕೇತ ಸಂಖ್ಯೆಯಲ್ಲಿ ಇಪಿಎಸ್‌ಜಿ 32643. ಸುಮಾರು 84 ಲಕ್ಷ ಮತ್ತು 15 ಲಕ್ಷ ಅಂತ ಇದ್ದರೆ ವೆಬ್ ಮರ್ಕೇಟರ್, ಇಪಿಎಸ್‌ಜಿ 3857. ಎರಡನ್ನೂ ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು, ಡಿಗ್ರಿಯಲ್ಲಿರುವ ಇಪಿಎಸ್‌ಜಿ 4326ಕ್ಕೆ ಬದಲಿಸಿ ಜಿಯೋಜೇಸನ್ ಆಗಿ ಉಳಿಸಿ. ಕೋಡಿನಲ್ಲಿ ಗುಣಿಸಿ ಭಾಗಿಸಿ ಸರಿಮಾಡಲು ಹೋಗಬೇಡಿ.

ಕೊನೆಯದು ನ್ಯಾನ್. "ಇದು ಸಂಖ್ಯೆಯಲ್ಲ" ಎಂಬುದಕ್ಕೆ ಜಾವಾಸ್ಕ್ರಿಪ್ಟ್ ಕೊಡುವ ಹೆಸರು. ಕನ್ಸೋಲ್‌ನಲ್ಲಿ "ಇನ್‌ವ್ಯಾಲಿಡ್ ಲ್ಯಾಟ್‌ಲಾಂಗ್" ಜೊತೆ ನ್ಯಾನ್ ಕಂಡರೆ ನಿಮ್ಮ ಹಾಳೆಯಲ್ಲಿ ಡಿಗ್ರಿ ಚಿಹ್ನೆಯೋ ಅಲ್ಪವಿರಾಮವೋ ಸೇರಿಕೊಂಡಿದೆ. ಯಾರಾದರೂ ಕನ್ನಡ ಅಂಕಿಯಲ್ಲಿ ೧೩.೩೨ ಅಂತ ತುಂಬಿಸಿರಲೂಬಹುದು. ನಮಗೆ ಅದು ಸಂಖ್ಯೆ, ಜಾವಾಸ್ಕ್ರಿಪ್ಟ್‌ಗೆ ಅಲ್ಲ. ಕನ್ನಡ ಅಂಕಿಗಳನ್ನು ಮೊದಲು 0ರಿಂದ 9ಕ್ಕೆ ಬದಲಿಸಿಕೊಳ್ಳಿ.

ಇವೆಲ್ಲಕ್ಕೂ ಒಂದೇ ಬಲೆ ಹಾಕಬಹುದು. ಗುರುತು ಹಾಕುವ ಮೊದಲು ಪ್ರತಿ ಸಾಲನ್ನೂ ಪರೀಕ್ಷಿಸಿ. ಅಕ್ಷಾಂಶ 12 ಮತ್ತು 14ರ ನಡುವೆ ಇಲ್ಲದಿದ್ದರೆ, ಅಥವಾ ರೇಖಾಂಶ 75 ಮತ್ತು 77ರ ನಡುವೆ ಇಲ್ಲದಿದ್ದರೆ, ಆ ಸಾಲಿನ ನಂಬರನ್ನು ಕನ್ಸೋಲ್‌ಗೆ ಬರೆದು ಮುಂದೆ ಹೋಗಿ. ಮೂರು ಸಾಲಿನ ಕೋಡು. ಇದಕ್ಕೆ ಸಿಗದೆ ತಪ್ಪಿಸಿಕೊಳ್ಳುವುದು ಮೇಲೆ ಹೇಳಿದ ಡಿಗ್ರಿ ನಿಮಿಷದ ತಪ್ಪು ಮಾತ್ರ. ಅದಕ್ಕೆ ಗೊತ್ತಿರುವ ಊರಿನ ಮೇಲೆ ಕಣ್ಣಿಟ್ಟು ನೋಡುವುದೇ ದಾರಿ.

ಹಂತ 5: ಕಡತ ಬಂದಿದೆಯೇ?

ಪುಟವನ್ನು ಡಬಲ್ ಕ್ಲಿಕ್ ಮಾಡಿ ತೆರೆದಿದ್ದರೆ ಕಡತ ತರಿಸುವ ಫೆಚ್ ಕೆಲಸ ಮಾಡುವುದಿಲ್ಲ. ಕನ್ಸೋಲ್‌ನಲ್ಲಿ ಕಾರ್ಸ್ ಎಂಬ ದೂರು ಬರುತ್ತದೆ. ಭದ್ರತೆಗಾಗಿ ಬ್ರೌಸರ್ ಹಾಕಿದ ಬೇಲಿ ಅದು. ಕಡತಗಳಿರುವ ಫೋಲ್ಡರಿನಲ್ಲಿ ಟರ್ಮಿನಲ್ ತೆರೆದು "ಪೈಥಾನ್ -ಎಂ ಎಚ್‌ಟಿಟಿಪಿ.ಸರ್ವರ್" ಅಂತ ಕೊಡಿ. ಆಮೇಲೆ ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್:8000 ತೆರೆಯಿರಿ. ಹಂತ 3ರ ರೆಫರರ್ ತೊಂದರೆಯೂ ಇದರಿಂದಲೇ ಹೋಗುತ್ತದೆ.

"ಬೌಂಡ್ಸ್ ಆರ್ ನಾಟ್ ವ್ಯಾಲಿಡ್" ಎಂಬ ದೂರು ಬಂದರೆ, ಕಡತ ಬರುವ ಮೊದಲೇ, ಮಾಹಿತಿಯೆಲ್ಲ ಕಾಣುವಂತೆ ನಕ್ಷೆ ಹೊಂದಿಸುವ ಫಿಟ್‌ಬೌಂಡ್ಸ್ ಕರೆದಿದ್ದೀರಿ. ಫೆಚ್ ಅನ್ನುವುದು ಅಂಗಡಿಗೆ ಹುಡುಗನನ್ನು ಕಳಿಸಿದ ಹಾಗೆ. ಅವನು ಬರುವ ತನಕ ನಿಮ್ಮ ಉಳಿದ ಕೋಡು ಕಾಯುವುದಿಲ್ಲ. ಮಾಹಿತಿ ಬೇಕಾದ ಸಾಲುಗಳೆಲ್ಲ ಅದರ ದೆನ್ ಒಳಗೆ, ಇಲ್ಲವೇ ಅವೇಟ್ ಆದ ಮೇಲೆ ಇರಬೇಕು.

ನಿಮ್ಮ ವಿಂಡೋಸ್ ಕಂಪ್ಯೂಟರಿನಲ್ಲಿ ಸರಿಯಿದ್ದದ್ದು ಹೋಸ್ಟಿಂಗ್‌ಗೆ ಏರಿಸಿದ ಮೇಲೆ 404 ಆಯಿತೇ? ಕಡತದ ಹೆಸರಿನಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ನೋಡಿ. ವಿಂಡೋಸ್‌ಗೆ ಎರಡೂ ಒಂದೇ, ಲಿನಕ್ಸ್ ಸರ್ವರಿಗೆ ಬೇರೆ ಬೇರೆ.

ಹಂತ 6: ಊರಿನ ಹೆಸರು ಹೊಂದುತ್ತಿಲ್ಲವೇ?

ಕನ್ನಡದಲ್ಲಿ ನಕ್ಷೆ ಮಾಡುವವರಿಗೆ ಮಾತ್ರ ಬರುವ ತೊಂದರೆಗಳು ಇಲ್ಲಿವೆ. ಇಂಗ್ಲಿಷ್ ಪಾಠಗಳಲ್ಲಿ ಇವುಗಳ ಸುದ್ದಿ ಸಿಗುವುದು ಕಷ್ಟ.

ಗಡಿಯ ಕಡತ ಒಂದು ಕಡೆ, ಮಳೆ ಲೆಕ್ಕದ ಹಾಳೆ ಇನ್ನೊಂದು ಕಡೆ. ಹೆಸರು ನೋಡಿ ಎರಡನ್ನೂ ಜೋಡಿಸಿದಿರಿ. ಒಂದು ಜಿಲ್ಲೆ ಬಣ್ಣವಿಲ್ಲದೆ ಖಾಲಿ ಉಳಿಯಿತು. 2014ರ ನವೆಂಬರ್ 1ರಿಂದ ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತಲ್ಲ, ಅದರಲ್ಲಿ ಚಿಕ್ಕಮಗಳೂರೂ ಇದೆ. ಹಳೆಯ ಗಡಿ ಕಡತದಲ್ಲಿ ಚಿಕ್‌ಮಗಳೂರ್ ಅಂತ ಇರುತ್ತದೆ, ಹೊಸ ಹಾಳೆಯಲ್ಲಿ ಚಿಕ್ಕಮಗಳೂರು ಅಂತ. ಕಂಪ್ಯೂಟರಿಗೆ ಎರಡೂ ಬೇರೆ ಊರು. ತಾಲ್ಲೂಕು ಮಟ್ಟದಲ್ಲಿ ಇನ್ನೊಂದು ತೊಡಕು. ಹಳೆಯ ಕಡತದಲ್ಲಿ ಅಜ್ಜಂಪುರ, ಕಳಸ ತಾಲ್ಲೂಕುಗಳೇ ಇಲ್ಲ. ಹೆಸರಿನ ಬದಲು ಸರ್ಕಾರದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯ ಸಂಕೇತ ಸಂಖ್ಯೆಯಿಂದ ಜೋಡಿಸುವುದು ಒಳ್ಳೆಯದು.

ಕನ್ನಡದಲ್ಲೇ ಹೆಸರಿದ್ದರೆ ಕಣ್ಣಿಗೆ ಕಾಣದ ವ್ಯತ್ಯಾಸ ಇರುತ್ತದೆ. "ಬೇಲೂರು" ತೆಗೆದುಕೊಳ್ಳಿ. ಯೂನಿಕೋಡ್‌ನಲ್ಲಿ ಮೊದಲ ಅಕ್ಷರದ ಏತ್ವವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು. ಎತ್ವ ಮತ್ತು ದೀರ್ಘ ಎಂದು ಎರಡು ಚಿಹ್ನೆಯಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ಥರ. ಆದರೆ ಕನ್ಸೋಲ್‌ನಲ್ಲಿ ಲೆಂತ್ ಕೇಳಿ ನೋಡಿ: ಒಂದಕ್ಕೆ 6, ಇನ್ನೊಂದಕ್ಕೆ 7. ಎರಡನ್ನೂ ಹೋಲಿಸಿದರೆ ಕಂಪ್ಯೂಟರ್ "ಬೇರೆ" ಅನ್ನುತ್ತದೆ. ಹೋಲಿಸುವ ಮೊದಲು ಎರಡೂ ಕಡೆ ನಾರ್ಮಲೈಸ್ ಮತ್ತು ಟ್ರಿಮ್ ಕರೆಯಿರಿ. ನಾರ್ಮಲೈಸ್ ಚಿಹ್ನೆಗಳನ್ನು ಒಂದೇ ರೂಪಕ್ಕೆ ತರುತ್ತದೆ, ಟ್ರಿಮ್ ಅಕ್ಕಪಕ್ಕದ ಖಾಲಿ ಜಾಗ ತೆಗೆಯುತ್ತದೆ.

ಹೆಸರಿನ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದರೆ ಮೂಲ ಹಾಳೆ ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿದೆ. ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬಂದರೆ ಎಕ್ಸೆಲ್‌ನಲ್ಲಿ ಉಳಿಸುವಾಗ ಸಿಎಸ್‌ವಿ ಯುಟಿಎಫ್-8 ಆರಿಸಿಲ್ಲ. ಆ ಕಡತದಲ್ಲಿ ಅಕ್ಷರಗಳು ಹೋಗಿಯೇ ಹೋಗಿವೆ, ಮೂಲದಿಂದ ಮತ್ತೆ ಉಳಿಸಬೇಕು.

ಹಂತ 7: ಫೋನಿನಲ್ಲಿ ನೋಡುವಾಗ

"ನಾನೆಲ್ಲಿದ್ದೇನೆ" ಗುಂಡಿ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡಿ ಫೋನಿನಲ್ಲಿ ಮಾಡುವುದಿಲ್ಲ ಅಂತ ಕೇಳುತ್ತಾರೆ. ಬ್ರೌಸರ್ ಸ್ಥಳದ ಮಾಹಿತಿ ಕೊಡುವುದು ಎಚ್‌ಟಿಟಿಪಿಎಸ್ ಪುಟಕ್ಕೆ ಅಥವಾ ಲೋಕಲ್‌ಹೋಸ್ಟ್‌ಗೆ ಮಾತ್ರ. ಫೋನಿನಲ್ಲಿ 192.168 ಎಂದು ಶುರುವಾಗುವ ವಿಳಾಸ ಹಾಕಿ ನೋಡುತ್ತಿದ್ದರೆ ಅದು ಎರಡೂ ಅಲ್ಲ. ಎಚ್‌ಟಿಟಿಪಿಎಸ್ ಇರುವ ಕಡೆ ಏರಿಸಿ ಪರೀಕ್ಷಿಸಿ. ಹಾಸನದಲ್ಲಿ ಕೂತವರ ಲ್ಯಾಪ್‌ಟಾಪ್ ಬೆಂಗಳೂರು ತೋರಿಸಿದರೆ ಕೋಡು ತಿದ್ದಬೇಡಿ. ಹೆಚ್ಚಿನ ಲ್ಯಾಪ್‌ಟಾಪಿನಲ್ಲಿ ಜಿಪಿಎಸ್ ಇಲ್ಲ, ಇಂಟರ್ನೆಟ್ ವಿಳಾಸ ನೋಡಿ ಅಂದಾಜು ಮಾಡಿರುತ್ತದೆ.

ಲೀಫ್ಲೆಟ್‌ನ ಲೊಕೇಟ್ 10,000 ಮಿಲಿಸೆಕೆಂಡ್, ಅಂದರೆ 10 ಸೆಕೆಂಡ್ ಕಾದು ಕೈಬಿಡುತ್ತದೆ. ಮರಗಳ ದಟ್ಟಣೆಯಲ್ಲಿ, ಸಿಗ್ನಲ್ ಇಲ್ಲದ ತೋಟದಲ್ಲಿ ಜಿಪಿಎಸ್‌ಗೆ ಅಷ್ಟು ಸಾಲದಿರಬಹುದು. ಟೈಮ್‌ಔಟ್ 30,000ಕ್ಕೆ ಏರಿಸಿ.

ಗಡಿ ಕಡತ ಕೆಲವು ಎಂಬಿ ಇದ್ದರೆ ಸಕಲೇಶಪುರ, ಮೂಡಿಗೆರೆ ಕಡೆಯ ನೆಟ್‌ವರ್ಕಿನಲ್ಲಿ ಪುಟ ತೆರೆಯುವುದೇ ಇಲ್ಲ. ಕಡತ ತೆರೆದು ಸಂಖ್ಯೆಗಳನ್ನು ನೋಡಿ. ದಶಮಾಂಶದ ನಂತರ 14, 15 ಅಂಕಿ ಇರುತ್ತವೆ. 5 ಅಂಕಿ ಇದ್ದರೆ ಸುಮಾರು ಒಂದು ಮೀಟರಿನ ನಿಖರತೆ, ತಾಲ್ಲೂಕು ಗಡಿಗೆ ಧಾರಾಳ. ಮ್ಯಾಪ್‌ಶೇಪರ್ ಎಂಬ ಉಚಿತ ಸಾಧನದಲ್ಲಿ ಅಂಕಿಗಳನ್ನೂ ಕಡಿಮೆ ಮಾಡಬಹುದು, ಗೆರೆಯ ಬಿಂದುಗಳನ್ನೂ ಕಡಿಮೆ ಮಾಡಬಹುದು.

ಆದರೂ ಸಿಗಲಿಲ್ಲವೇ?

ಹೊಸ ಖಾಲಿ ಕಡತ ಮಾಡಿ. ಅದರಲ್ಲಿ ಲೀಫ್ಲೆಟ್, ಒಂದು ಪೆಟ್ಟಿಗೆ, ಒಂದು ಟೈಲ್ ಲೇಯರ್, ಬೇಲೂರಿನ ಮೇಲೆ ಒಂದು ಗುರುತು ಮಾತ್ರ ಇರಲಿ. ಅದು ಕೆಲಸ ಮಾಡಿದ ಮೇಲೆ ನಿಮ್ಮ ಕೋಡನ್ನು ಒಂದೊಂದೇ ತುಂಡಾಗಿ ಸೇರಿಸುತ್ತಾ ಬನ್ನಿ. ಪ್ರತಿ ತುಂಡು ಸೇರಿಸಿದಾಗಲೂ ಕಂಟ್ರೋಲ್, ಶಿಫ್ಟ್, ಆರ್ ಒಟ್ಟಿಗೆ ಒತ್ತಿ ಲೋಡ್ ಮಾಡಿ. ಇಲ್ಲದಿದ್ದರೆ ಬ್ರೌಸರ್ ಹಳೆಯ ಕಡತವನ್ನೇ ತೋರಿಸುತ್ತಿರಬಹುದು. ಯಾವ ತುಂಡಿಗೆ ಕೆಟ್ಟಿತೋ ಆ ತುಂಡನ್ನು ಇಟ್ಟುಕೊಂಡು ಕೇಳಿ. ಜೊತೆಗೆ ಕನ್ಸೋಲಿನ ಮೊದಲ ಕೆಂಪು ಸಾಲು, ಲೀಫ್ಲೆಟ್ ಆವೃತ್ತಿ, ಮಾಹಿತಿಯ ಎರಡು ಸಾಲು ಕಳಿಸಿ. ಫೋನಿನಲ್ಲಿ ಪರದೆಯ ಫೋಟೋ ತೆಗೆದು ಕಳಿಸಬೇಡಿ, ಪಠ್ಯವಾಗಿಯೇ ನಕಲು ಮಾಡಿ ಕಳಿಸಿ. ಬೇಲೂರಿಗೆ 6 ಇದೆಯೋ 7 ಇದೆಯೋ ಅನ್ನುವುದು ಫೋಟೋದಲ್ಲಿ ಕಾಣುವುದಿಲ್ಲ.